ಅಡಿಪಾಯದ ಹೊರಹೊದಿಕೆ: ಥರ್ಮಾಕೋಲ್, ಎಕ್ಸ್‌ಪಿಎಸ್, ರಾಕ್‌ವೂಲ್ ಮೂರರಲ್ಲಿ ಯಾವುದು?

ಚಳಿ ಪ್ರದೇಶದಲ್ಲಿ ಕಾಂಕ್ರೀಟ್ ಅಡಿಪಾಯದ ಹೊರಮೈಗೆ ಮೂರನ್ನೂ ಹಾಕಿ ನೋಡಿದ ಮೇಲೆ ನನ್ನ ಆಯ್ಕೆ ಘನ ಮೀಟರಿಗೆ 30 ಕೆ.ಜಿ. ಸಾಂದ್ರತೆಯ ಇಪಿಎಸ್, ಅಂದರೆ ಗಟ್ಟಿ ಥರ್ಮಾಕೋಲ್. ಪ್ಯಾಕಿಂಗಿಗೆ ಬರುವ ಹಗುರ ಮಾಲು ಮಣ್ಣಿನ ಒತ್ತಡ ತಾಳುವುದಿಲ್ಲ, ಅದನ್ನು ಮುಟ್ಟಬೇಡಿ. 200 ಮಿ.ಮೀ. ಕಾಂಕ್ರೀಟ್ ಗೋಡೆ ಎಷ್ಟೇ ದಪ್ಪ ಕಂಡರೂ ಅದು ತಡೆಯುವ ಶಾಖ 10 ಮಿ.ಮೀ. ಫೋಮಿನ ಅರ್ಧದಷ್ಟು ಮಾತ್ರ. ಹಾಗಾಗಿ ಹೊದಿಕೆ ಬೇಕೇ ಬೇಕು.

ಎಕ್ಸ್‌ಪಿಎಸ್ ಅಂದರೆ ಅಚ್ಚಿನಿಂದ ಒತ್ತಿ ತೆಗೆದ ನುಣುಪು ಫೋಮ್ ಬೋರ್ಡು. ಅಷ್ಟೇ ದಪ್ಪಕ್ಕೆ ಅದು ಸ್ವಲ್ಪ ಹೆಚ್ಚು ಶಾಖ ತಡೆಯುತ್ತದೆ, ನೀರನ್ನೂ ಕಡಿಮೆ ಹೀರುತ್ತದೆ. ಆದರೆ ಅದರ ಗುಳ್ಳೆಗಳಲ್ಲಿ ತುಂಬಿದ ಅನಿಲ ವರ್ಷಗಳು ಕಳೆದಂತೆ ಸೋರಿ, ಆ ಮೇಲುಗೈ ಕರಗುತ್ತಾ ಬರುತ್ತದೆ. ಇಪಿಎಸ್‌ನಲ್ಲಿ ಇರುವುದೇ ಗಾಳಿ, ಸೋರಿಹೋಗುವುದು ಏನೂ ಇಲ್ಲ.

ರಾಕ್‌ವೂಲ್, ಅಂದರೆ ಕಲ್ಲು ಕರಗಿಸಿ ಎಳೆದ ನಾರಿನ ಹಾಸು, ಬೆಂಕಿಗೆ ಹೆದರುವುದಿಲ್ಲ, ನೀರನ್ನು ಕೆಳಗೆ ಇಳಿಸಿಬಿಡುತ್ತದೆ. ಗೆದ್ದಲು ಇರುವ ಜಾಗವಾದರೆ ಅದೇ ಸರಿ. ಗೆದ್ದಲಿಗೆ ಫೋಮ್ ಆಹಾರವಲ್ಲ, ಆದರೂ ಒಳಗೇ ದಾರಿ ಕೊರೆದುಕೊಂಡು ಕಣ್ಣಿಗೆ ಬೀಳದೆ ಮರಕ್ಕೆ ಹತ್ತುತ್ತದೆ.

ನಿಜವಾಗಿ ತಲೆ ತಿನ್ನುವುದು ನೆಲದಿಂದ ಮೇಲೆ ಕಾಣುವ ಗೇಣುದ್ದದ ಪಟ್ಟಿ. ಮಣ್ಣಿನೊಳಗೆ ಮೂರೂ ಸುಮ್ಮನಿರುತ್ತವೆ. ಮೇಲಿನ ಪಟ್ಟಿಗೆ ಬಿಸಿಲು, ಹುಲ್ಲು ಕತ್ತರಿಸುವ ಯಂತ್ರದ ದಾರ, ಕಾಲಿನ ಒದೆ ಎಲ್ಲ ಬೀಳುತ್ತವೆ. ಹಾಗಂತ ಆ ಪಟ್ಟಿಯನ್ನು ಬರಿದಾಗಿ ಬಿಡುವಂತಿಲ್ಲ, ಶಾಖ ಹೆಚ್ಚು ಸೋರುವುದೇ ಅಲ್ಲಿಂದ.

ಅದಕ್ಕೆ ಮೆಶ್ ಗಾರೆ, ಅಂದರೆ ಒಳಗೆ ಬಲೆ ಕೂರಿಸಿದ ಗಾರೆ, ಹಾಕಬೇಕು. ಎಕ್ಸ್‌ಪಿಎಸ್ ಸೋಲುವುದು ಇಲ್ಲೇ. ಅದರ ನುಣುಪು ಮೈಗೆ ಗಾರೆ ಹಿಡಿಯುವುದಿಲ್ಲ. ಒಂದೆರಡು ಚಳಿಗಾಲ ಕಳೆಯುವಷ್ಟರಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತದೆ. ತಂತಿ ಬ್ರಷ್ಷಿನಲ್ಲಿ ಇಡೀ ಮೈ ತರಿ ಮಾಡಬೇಕು, ಇಲ್ಲವೇ ಗೆರೆ ಕೊರೆದ ಬೋರ್ಡನ್ನೇ ಹುಡುಕಿ ತರಬೇಕು. ರಾಕ್‌ವೂಲ್ ಮೆತ್ತಗಿರುವುದರಿಂದ ಒದೆ ತಾಳಬೇಕಾದ ಜಾಗದಲ್ಲಿ ಮುಂದೆ ಸಿಮೆಂಟ್ ಬೋರ್ಡ್ ಕೂರಿಸಬೇಕು. ಅದರ ಒಂದೊಂದು ಸ್ಕ್ರೂ ಕೂಡ ವಾಟರ್‌ಪ್ರೂಫಿಂಗಿಗೆ ತೂತು, ಚಳಿಗೆ ದಾರಿ.

ಇಪಿಎಸ್‌ಗೆ ಗಾರೆ ಚೆನ್ನಾಗಿ ಕಚ್ಚುತ್ತದೆ. ಬಿಸಿಲಿಗೆ ಹಳದಿಯಾಗಿ ಪುಡಿಯೆದ್ದಿದ್ದರೆ ಮೊದಲು ಒರಟು ಉಪ್ಪುಕಾಗದದಲ್ಲಿ ಉಜ್ಜಿ, ಧೂಳು ಒರೆಸಿ. ಎರಡು ಬೋರ್ಡಿನ ನಡುವೆ 2 ಮಿ.ಮೀ.ಗಿಂತ ಹೆಚ್ಚು ಸಂದಿದ್ದರೆ ಪಿಯು ಫೋಮ್ (ಡಬ್ಬಿಯಿಂದ ಚಿಮ್ಮಿಸುವ, ಉಬ್ಬಿ ಗಟ್ಟಿಯಾಗುವ ನೊರೆ) ತುಂಬಿ. ಗಾರೆ ತುಂಬಿದರೆ ಬಿರುಕು ಮೂಡುವುದು ಸರಿಯಾಗಿ ಆ ಗೆರೆಯಲ್ಲೇ. ಆಮೇಲೆ ಬೇಸ್ ಕೋಟ್, ಅಂದರೆ ಗಾರೆಯ ಮೊದಲ ಪದರ, ಬಳಿದು, ಹಸಿ ಇರುವಾಗಲೇ ಕ್ಷಾರ ತಾಳುವ ಫೈಬರ್ ಮೆಶ್ಶನ್ನು ಕರಣೆಯಿಂದ ಒತ್ತಿ. ಮೆಶ್ ಒಂದರ ಮೇಲೊಂದು 100 ಮಿ.ಮೀ. ಬರಲಿ, ಮೂಲೆಗೆ ಇನ್ನೊಂದು ಪದರ ಇರಲಿ. ಒಟ್ಟು ದಪ್ಪ 4 ಮಿ.ಮೀ. ಆಸುಪಾಸು. ಗಾರೆಯನ್ನು ನೆಲಮಟ್ಟಕ್ಕೇ ನಿಲ್ಲಿಸದೆ 150 ಮಿ.ಮೀ. ಕೆಳಗೂ ಇಳಿಸಿ, ಆ ಭಾಗಕ್ಕೆ ವಾಟರ್‌ಪ್ರೂಫ್ ಲೇಪ ಕೊಡಿ. ಮಣ್ಣು ಕುಸಿದಾಗ ಬರಿ ಫೋಮ್ ಹೊರಬರಬಾರದು. ಮೇಲಂಚಿಗೆ ತಗಡಿನ ಮುಚ್ಚಿಕೆ ಕೂರಿಸಿ, ಅದರ ತುದಿ ಹೊರಕ್ಕೆ ಬಾಗಿರಲಿ. ಇಲ್ಲದಿದ್ದರೆ ಮಳೆನೀರು ಬೋರ್ಡಿನ ಹಿಂದೆ ಇಳಿಯುತ್ತದೆ.

ಫೋಮ್ ಯಾವುದೇ ಇರಲಿ, ಗೋಡೆಗೆ ನೀರಿನ ಆಧಾರದ ಟಾರು ಲೇಪವನ್ನೇ ಬಳಿಯಿರಿ. ದ್ರಾವಕ ಇರುವ ಟಾರು ಫೋಮನ್ನು ಕರಗಿಸಿ ಗುಳಿ ಮಾಡುತ್ತದೆ.

ನೀರು ನಿಲ್ಲುವ ಮಣ್ಣು, ನೀರು ಬಸಿಯಲು ತಳದಲ್ಲಿ ತೂತಿನ ಪೈಪು, ಜಲ್ಲಿ ಹಾಕುವ ಅನುಕೂಲವೂ ಇಲ್ಲ ಎಂದಾದರೆ ಎಕ್ಸ್‌ಪಿಎಸ್ ದುಡ್ಡಿಗೆ ತಕ್ಕ ಮಾಲು. ಆದರೆ ಪೈಪು ಹಾಕದೆ ನಾನು ಮಣ್ಣು ಮುಚ್ಚುವುದಿಲ್ಲ. ಹಾಗಾಗಿ ಎಕ್ಸ್‌ಪಿಎಸ್ ಬಿಟ್ಟಿದ್ದರಿಂದ ಉಳಿದ ಹಣವನ್ನು ದಪ್ಪಕ್ಕೆ ಹಾಕುತ್ತೇನೆ: 50 ಮಿ.ಮೀ. ಇಪಿಎಸ್ ಎರಡು ಪದರ, ಒಂದರ ಸಂದಿಯ ಮೇಲೆ ಇನ್ನೊಂದರ ಸಂದಿ ಬರದಂತೆ.