ಹೊಳೆಗೂ ಆಗಬೇಕು, ಕೆರೆಗೂ ಆಗಬೇಕು: ನಮ್ಮ ಜೆಟ್ ಬೋಟ್ ಕೆಲವು ವರ್ಷಗಳ ಬಳಕೆಯಲ್ಲಿ

ನಮ್ಮದು ಬೆಂಗಳೂರಿನ ಯಲಹಂಕದ ಕಡೆಯ ಸಣ್ಣ ಸರ್ವೆ ಕಚೇರಿ. ಕೆರೆ, ಹೊಳೆ, ಜಲಾಶಯಗಳಲ್ಲಿ ನೀರಿನ ಆಳ ಅಳೆಯುವುದು, ಎಷ್ಟು ಹೂಳು ತುಂಬಿದೆ ಅಂತ ಲೆಕ್ಕ ಕೊಡುವುದು ನಮ್ಮ ಕೆಲಸ. ಒಂದು ವಾರ ಊರೊಳಗಿನ ಕೆರೆ. ಮುಂದಿನ ವಾರ ಕಾವೇರಿಯ ಬಂಡೆಗಳ ನಡುವೆ. ಆಮೇಲೆ ಯಾವುದೋ ದೊಡ್ಡ ಹಿನ್ನೀರು. ಮೂರಕ್ಕೂ ಬೇರೆ ಬೇರೆ ಬೋಟ್ ಇಟ್ಟುಕೊಳ್ಳುವ ಶಕ್ತಿ ನಮಗಿಲ್ಲ. ಅದಕ್ಕೇ ಎಲ್ಲ ಕಡೆಗೂ ಒಂದೇ ಜೆಟ್ ಬೋಟ್ ತೆಗೆದುಕೊಂಡೆವು. 16 ಅಡಿ ಉದ್ದ, 6 ಅಡಿ ಅಗಲ, ವೆಲ್ಡ್ ಮಾಡಿದ ಅಲ್ಯೂಮಿನಿಯಂ. ಹಿಂದೆ 60 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಅಂದರೆ ಬೋಟಿನ ಹಿಂಬದಿಗೆ ಹೊರಗೆ ಕಟ್ಟುವಂಥದ್ದು. ನೀರಿಗಿಳಿಯುವ ಅದರ ಕಾಲಿಗೆ ಪ್ರೊಪೆಲ್ಲರ್ ಬದಲು ಜೆಟ್ ಪಂಪ್.

ಜೆಟ್ ಬೋಟ್ ನೋಡಲು ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ, "ಎಷ್ಟು ಇಂಚು ನೀರಲ್ಲಿ ಓಡುತ್ತೆ?" ಕೇಳಬೇಕಾದ್ದೇ. ಆದರೆ ಬೆಂಗಳೂರಿನಲ್ಲಿದ್ದು ಕೊಳ್ಳುವವರು ಅದಕ್ಕೂ ಮುಂಚೆ ಇನ್ನೊಂದು ಕೇಳಬೇಕು: ಪಂಪಿನ ಬಾಯಿಗೆ ಕಸ ಕಟ್ಟಿದರೆ ನೀರಿನ ಮೇಲೆ ಕೂತೇ ಬಿಡಿಸಲು ಆಗುತ್ತದೆಯೇ? ನನ್ನ ಅನುಭವದಲ್ಲಿ ಇಲ್ಲಿನ ಬೋಟ್ ಆಯ್ಕೆ ತೀರ್ಮಾನ ಆಗುವುದೇ ಇದರ ಮೇಲೆ.

ಈ ಜೆಟ್ ಹುಟ್ಟಿದ್ದು ಬೇರೆ ಥರದ ನೀರಿಗೆ. 1950ರ ದಶಕದಲ್ಲಿ ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ ತಮ್ಮ ಸೀಮೆಯ ಕಲ್ಲು ತುಂಬಿದ, ಆಳವಿಲ್ಲದ ಹೊಳೆಗಳಿಗೆಂದು ಇದನ್ನು ಪಳಗಿಸಿದರು. 1960ರಲ್ಲಿ ಅವರ ಜೆಟ್ ಬೋಟುಗಳು ಅಮೆರಿಕದ ಕೊಲರಾಡೊ ನದಿಯಲ್ಲಿ ಗ್ರಾಂಡ್ ಕ್ಯಾನಿಯನ್ ಉದ್ದಕ್ಕೂ ಪ್ರವಾಹಕ್ಕೆ ಎದುರಾಗಿ ಹತ್ತಿದವು. ತಳದ ಜಾಲರಿಯಿಂದ ನೀರು ಎಳೆದುಕೊಂಡು, ಪಂಪಿನೊಳಗೆ ತಿರುಗುವ ರೆಕ್ಕೆಚಕ್ರದಿಂದ, ಅಂದರೆ ಇಂಪೆಲ್ಲರ್‌ನಿಂದ ಒತ್ತಿ, ಹಿಂದಿನ ಮೂತಿಯಿಂದ ಚಿಮ್ಮಿಸುತ್ತದೆ. ತಳದ ಕೆಳಗೆ ತಿರುಗುವ ರೆಕ್ಕೆಯೇ ಇಲ್ಲ. ಕಲ್ಲು ಹೊಳೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಹೀರುವ ಯಂತ್ರ ಅಲ್ವಾ, ನೀರಿನ ಜೊತೆ ಬಂದದ್ದನ್ನೆಲ್ಲ ಹೀರುತ್ತದೆ. ನಮ್ಮ ಕೆರೆಗಳಲ್ಲಿ ನೀರಿನ ಜೊತೆ ಏನೇನು ಬರುತ್ತದೆ ಅಂತ ಎಲ್ಲರಿಗೂ ಗೊತ್ತು.

ಕಸ ಕಟ್ಟಿದ್ದು ಮೊದಲು ಕಿವಿಗೆ ತಿಳಿಯುತ್ತದೆ. ಎಂಜಿನ್ ಸದ್ದು ಇದ್ದಕ್ಕಿದ್ದ ಹಾಗೆ ಏರುತ್ತದೆ, ಬೋಟ್ ಮಾತ್ರ ಮುಂದೆ ಹೋಗುವುದಿಲ್ಲ. ರಿವರ್ಸ್ ಹಾಕಿ ಪ್ರಯೋಜನವಿಲ್ಲ. ರಿವರ್ಸ್ ಅಂದರೆ ಚಿಮ್ಮುವ ನೀರಿಗೆ ಬಕೆಟ್ ಅನ್ನುವ ಬಾಗಿದ ಮುಚ್ಚಳ ಅಡ್ಡ ಬಂದು ದಿಕ್ಕು ತಿರುಗಿಸುವುದು ಅಷ್ಟೇ, ಒಳಗಿನ ಇಂಪೆಲ್ಲರ್ ತಿರುಗುವುದು ಮೊದಲಿನ ಕಡೆಗೇ. ಎಂಜಿನ್ ಆಫ್ ಮಾಡಿದರೆ ಹೀರುವುದು ನಿಂತು ಅರ್ಧ ಕಸ ತಾನಾಗಿ ಬೀಳುತ್ತದೆ. ಉಳಿದದ್ದಕ್ಕೆ ಕೀ ತೆಗೆದು ಜೇಬಿಗೆ ಹಾಕಿಕೊಂಡು, ಎಂಜಿನ್ ಟಿಲ್ಟ್ ಮಾಡುತ್ತೇವೆ. ಪಂಪಿನ ಬಾಯಿ ನೀರಿನಿಂದ ಮೇಲೆ ಬರುತ್ತದೆ. ಅಂತರಗಂಗೆಯ ಕಪ್ಪು ಬೇರು ಉದ್ದ ಕೂದಲಿನ ಹಾಗೆ ಜಾಲರಿಯ ಕಂಬಿಗಳಿಗೆ ಹೆಣೆದುಕೊಂಡಿರುತ್ತದೆ, ನಡುವೆ ಹಾಲಿನ ಕವರ್, ಗುಟ್ಕಾ ಚೀಟಿ. ಕೊಕ್ಕೆ ಕಂಬಿಯಲ್ಲಿ ಎಳೆದರೆ ಬಂದುಬಿಡುತ್ತದೆ. ಗಣಪತಿ ಬಿಟ್ಟ ನಂತರದ ವಾರಗಳಲ್ಲಿ ಮಾತ್ರ ಕೆಲಸ ಜಾಸ್ತಿ. ಹೂವಿನ ಹಾರದ ದಾರ ಜಾಲರಿ ದಾಟಿ ಒಳಗೆ ಹೋಗಿ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ. ಅದನ್ನು ದಡಕ್ಕೆ ಬಂದು, ಪಂಪಿನ ಬಾಯಿ ಬಿಚ್ಚಿ, ಬ್ಲೇಡಿನಲ್ಲಿ ಕತ್ತರಿಸಿ ತೆಗೆಯಬೇಕು.

ಇದಕ್ಕಾಗಿಯೇ ನಾನು ಔಟ್‌ಬೋರ್ಡ್ ಜೆಟ್ ಪರ. ಎಂಜಿನ್ ಬೋಟಿನ ಒಳಗೇ ಇರುವ ಇನ್‌ಬೋರ್ಡ್ ಜೆಟ್‌ಗೆ ಬಲ ಜಾಸ್ತಿ, ಹಿಡಿತವೂ ಚೆನ್ನಾಗಿರುತ್ತದೆ. ಆದರೆ ಅದರ ಬಾಯಿ ಬೋಟಿನ ತಳದಲ್ಲೇ ಇರುತ್ತದೆ, ಮೇಲೆತ್ತಿ ನೋಡುವ ಹಾಗಿಲ್ಲ. ಒಳಗಿನ ಮುಚ್ಚಳ ತೆಗೆದು ಕೈ ಹಾಕಬೇಕು, ಇಲ್ಲ ನೀರಿಗಿಳಿಯಬೇಕು. ಬೆಂಗಳೂರಿನ ಎಷ್ಟು ಕೆರೆಗೆ ನೀವು ಇಳಿಯುತ್ತೀರಿ, ಹೇಳಿ.

ಇನ್ನೊಂದು ಜಾತಿ ಇದೆ. ಪ್ರವಾಸಿ ತಾಣಗಳಲ್ಲಿ ಕಾಣುವ ಜೆಟ್ ಸ್ಕೀಯ ಎಂಜಿನ್ನನ್ನೇ ಹಾಕಿದ ಫೈಬರ್ ಬೋಟುಗಳು. ಅವೂ ಜೆಟ್ಟೇ, ನೋಡಲೂ ಚೆಂದ. ಆದರೆ ಜೆಟ್ ಅಂದ ಮಾತ್ರಕ್ಕೆ ಕಡಿಮೆ ನೀರಿನ ಬೋಟ್ ಅಂತ ಅಲ್ಲ. ಎರಡು ಮೂರು ಅಡಿ ನೀರಿಲ್ಲದ ಕಡೆ ಎಂಜಿನ್ ಚಾಲೂ ಮಾಡಬೇಡಿ ಅಂತ ಅವುಗಳ ಕೈಪಿಡಿಯಲ್ಲೇ ಬರೆದಿರುತ್ತದೆ. ತಳದ ಕಲ್ಲು, ಮರಳು ಎದ್ದು ಒಳಗೆ ಹೋಗುತ್ತದೆ. ಆಳವಾದ ಜಲಾಶಯಕ್ಕೆ ಮಾತ್ರ ಸರಿ.

ಈಗ ಬಲದ ಲೆಕ್ಕ. ಔಟ್‌ಬೋರ್ಡಿಗೆ ಜೆಟ್ ಹಾಕಿದರೆ ಸುಮಾರು 30 ಪರ್ಸೆಂಟ್ ಬಲ ಹೋಗುತ್ತದೆ. ನಮ್ಮ 60 ಹೆಚ್ಚುಕಡಿಮೆ 40 ಆಯಿತು. ಅದರ ಮೇಲೆ ನಮ್ಮ ಊರು ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾದ್ದರಿಂದ ಟರ್ಬೊ ಇಲ್ಲದ ಎಂಜಿನ್ ಇನ್ನೂ 10 ಪರ್ಸೆಂಟ್ ಹತ್ತಿರ ಕಳೆದುಕೊಳ್ಳುತ್ತದೆ. ಕರಾವಳಿಯಲ್ಲಿ ಇಬ್ಬರು ಕೂತು ಟ್ರಯಲ್ ನೋಡಿ, ಜುಮ್ಮಂತ ಎದ್ದು ಓಡಿತು ಅಂತ ಖುಷಿಪಟ್ಟು ತಂದ ಬೋಟ್, ಇಲ್ಲಿ ನಾಲ್ಕು ಜನ, ಬ್ಯಾಟರಿ, ಪೆಟ್ರೋಲ್, ಸಲಕರಣೆ ಹಾಕಿದ ಕೂಡಲೇ ಮೂತಿ ಎತ್ತಿಕೊಂಡು ನೀರು ಗುದ್ದುತ್ತಾ ಹೋಗುತ್ತದೆ. ವೇಗ ಹಿಡಿದು ನೀರಿನ ಮೇಲಕ್ಕೆ ಎದ್ದು ಜಾರುವುದೇ ಇಲ್ಲ. ಎದ್ದು ಓಡುವಾಗ ಜೆಟ್ ಬೋಟಿಗೆ ನಾಲ್ಕೈದು ಇಂಚು ನೀರು ಸಾಕು ಅನ್ನುವುದು ನಿಜ. ಆದರೆ ಭಾರ ಹೊತ್ತು ನಿಂತಾಗ ಅದಕ್ಕೇ ಒಂದು ಅಡಿ ಹತ್ತಿರ ಬೇಕು, ಎದ್ದೇಳುವುದಕ್ಕೆ ಇನ್ನೂ ಜಾಸ್ತಿ. ಏಳಲಾರದ ಜೆಟ್ ಬೋಟ್ ಕೊಟ್ಟ ದುಡ್ಡಿಗೆ ದಂಡ. ಬೋಟಿನ ಮೇಲಿನ ಫಲಕ ಎಷ್ಟು ಎಚ್‌ಪಿ ತಾಳುತ್ತದೆ ಅಂತ ಹೇಳುತ್ತದೋ ಅಲ್ಲಿಯವರೆಗೂ ಹೋಗಿ. ಇದರಲ್ಲಿ ಉಳಿತಾಯ ಮಾಡಬೇಡಿ.

ತಳದ ಆಕಾರದಲ್ಲಿ ಹೊಳೆ ಕೇಳುವುದು ಒಂದು, ಹಿನ್ನೀರು ಕೇಳುವುದು ಇನ್ನೊಂದು. ಚಪ್ಪಟೆ ತಳ ಕಡಿಮೆ ನೀರಿಗೆ ಬಹಳ ಒಳ್ಳೆಯದು. ಆದರೆ ಆಷಾಢದ ಗಾಳಿಯಲ್ಲಿ ಕೆಆರ್‌ಎಸ್ ಹಿನ್ನೀರಿಗೆ ಹೋಗಿ ನೋಡಿ. ಅಲೆ ಅಲೆಗೂ ತಳ ದಬದಬ ಬಡಿಯುತ್ತದೆ, ಸೊಂಟ ಬಿದ್ದುಹೋಗುತ್ತದೆ, ಸಲಕರಣೆಯ ಬೋಲ್ಟ್ ಸಡಿಲವಾಗುತ್ತವೆ. ಪೂರ್ತಿ ವಿ ಆಕಾರದ ತಳ ಅಲೆ ಸೀಳುತ್ತದೆ, ಆದರೆ ನೀರಲ್ಲಿ ಆಳಕ್ಕೆ ಕೂರುತ್ತದೆ. ನಮ್ಮದು ಹಿಂಭಾಗದಲ್ಲಿ 10 ಡಿಗ್ರಿಯ ವಿ, ನಡುವೆ ಒಂದು ಗೇಣು ಅಗಲದ ಚಪ್ಪಟೆ ಪಟ್ಟಿ. ಪಂಪಿಗೆ ಗುಳ್ಳೆಯಿಲ್ಲದ ನೀರು ಸಿಗುವುದು ಈ ಪಟ್ಟಿಯಿಂದ. ಪಂಪಿನ ಬಾಯಿಯ ಮುಂದೆ ತಳದಲ್ಲಿ ಏಣು, ರಿವೆಟ್, ಏನೇ ಇದ್ದರೂ ಗಾಳಿ ಎಳೆದುಕೊಂಡು ಪಂಪ್ ಒಣಗಿ ಕೂಗುತ್ತದೆ. ಕೊಳ್ಳುವಾಗ ಬೋಟಿನ ಕೆಳಗೆ ಮಲಗಿ ನೋಡಿ, ಕೈಯಿಂದ ಸವರಿ ನೋಡಿ. ಎರಡೂ ಕಡೆಗೆ ಒಂದೇ ಬೋಟ್ ಅಂದರೆ ಈ 10 ಡಿಗ್ರಿಯ ಆಸುಪಾಸೇ ಸರಿ ಅಂತ ನನಗೆ ಖಚಿತವಾಗಿದೆ.

ಹೊಳೆಯಲ್ಲಿ ಡ್ರೈವರ್‌ಗೆ ಒಂದು ವಿಷಯ ಮೊದಲೇ ರೂಢಿ ಮಾಡಿಸಬೇಕು. ಜೆಟ್‌ಗೆ ಚುಕ್ಕಾಣಿ ಇಲ್ಲ. ನೀರು ಚಿಮ್ಮುತ್ತಿದ್ದರೆ ಮಾತ್ರ ತಿರುಗುತ್ತದೆ. ಬಂಡೆ ಕಂಡ ಕೂಡಲೇ ಆಕ್ಸಿಲರೇಟರ್ ಬಿಟ್ಟರೆ ಬೋಟ್ ನೆಟ್ಟಗೆ ಬಂಡೆಗೇ ಹೋಗುತ್ತದೆ. ಸ್ವಲ್ಪ ಬಲ ಕೊಟ್ಟೇ ತಿರುಗಿಸಬೇಕು. ಅಡ್ಡಿಯೇನೂ ಇಲ್ಲದ ಕೆರೆಯಲ್ಲಿ ತೇಲುವ ಡಬ್ಬ ಕಟ್ಟಿ ಇದನ್ನು ಕಲಿಸಿದ ಮೇಲೆಯೇ ನಾವು ಯಾರನ್ನಾದರೂ ಕಾವೇರಿಗೆ ಬಿಡುವುದು. ಮರಳು ದಡದಿಂದ ಹೊರಡುವಾಗ ಗಳು ಹಾಕಿ ತಳ್ಳಿಕೊಂಡು, ಮೊಣಕಾಲು ದಾಟುವಷ್ಟು ನೀರಿಗೆ ಬಂದ ಮೇಲೆಯೇ ಎಂಜಿನ್ ಚಾಲೂ. ಇಂಪೆಲ್ಲರ್ ಬಾಳುವುದು ಇದರಿಂದ.

ಬಲೆಗಳ ಬಗ್ಗೆಯೂ ಹೇಳಬೇಕು. ಹಿನ್ನೀರಿನಲ್ಲಿ ಹರಿಗೋಲಿನಲ್ಲಿದ್ದ ಮೀನುಗಾರರೊಬ್ಬರು ಕೂಗಿ ಹೇಳಿದ್ದರು, "ಬೆಂಡು ಕಂಡ್ರೆ ದೂರದಿಂದ ಸುತ್ತಾಕ್ಕೊಂಡು ಹೋಗಿ ಸಾರ್, ಒಂದು ಬಲೆ ಹೋದ್ರೆ ನಮ್ದು ಒಂದು ವಾರದ ದುಡಿಮೆ ಹೋದಂಗೆ." ಜೆಟ್ ಬಲೆಯ ಮೇಲೆ ಹಾದುಹೋಗುತ್ತದೆ ಅನ್ನುವವರ ಮಾತು ನಂಬಬೇಡಿ. ಅವರ ಬಲೆಯೂ ಹಾಳು, ನಿಮ್ಮ ಪಂಪೂ ಹಾಳು.

ನಮ್ಮ ಕೆಲಸಕ್ಕೆ ಜೆಟ್‌ನ ದೊಡ್ಡ ಕೊರತೆ ನಿಧಾನ ಓಟ. ಆಳ ಅಳೆಯಲು ನಡಿಗೆಯ ವೇಗದಲ್ಲಿ ಗೆರೆ ಎಳೆದ ಹಾಗೆ ಹೋಗಬೇಕು. ಆ ವೇಗದಲ್ಲಿ ಜೆಟ್ ಬೋಟ್ ಅತ್ತಿತ್ತ ತೂಗಾಡುತ್ತದೆ, ಪೆಟ್ರೋಲ್ ಕೂಡ ಪ್ರೊಪೆಲ್ಲರ್‌ಗಿಂತ ಜಾಸ್ತಿ ಕುಡಿಯುತ್ತದೆ. ಗಾಳಿಯಿದ್ದ ದಿನ ಸ್ಟೀರಿಂಗ್ ಹಿಡಿದವರ ತೋಳು ನೋಯುತ್ತದೆ. ಶಬ್ದ ಬಿಟ್ಟು ಆಳ ಅಳೆಯುವ ಎಕೋ ಸೌಂಡರ್ ಅನ್ನು ಹಿಂದೆ ಕಟ್ಟಿದರೆ ಜೆಟ್‌ನ ಗುಳ್ಳೆಯಲ್ಲಿ ಏನೂ ಕಾಣುವುದಿಲ್ಲ. ಪಕ್ಕಕ್ಕೆ, ನಡುಭಾಗದಲ್ಲಿ ಕಂಬಕ್ಕೆ ಕಟ್ಟಬೇಕು. ಬರೀ ಕೆರೆ ಕೆಲಸ ಮಾಡುವವರಿಗೆ ಜೆಟ್ ಬೇಡವೇ ಬೇಡ, ಸಣ್ಣ ಪ್ರೊಪೆಲ್ಲರ್ ಎಂಜಿನ್ ಸಾಕು. ಅಂತರಗಂಗೆ ಪೂರ್ತಿ ಮುಚ್ಚಿದ ಕೆರೆಗೆ ಎರಡೂ ಬೇಡ, ಹುಟ್ಟು ಹಾಕಿ.

ಕಾಗದಪತ್ರ ಮರೆಯಬೇಡಿ. 2021ರ ಇನ್‌ಲ್ಯಾಂಡ್ ವೆಸೆಲ್ಸ್ ಕಾಯ್ದೆ ಪ್ರಕಾರ ಎಂಜಿನ್ ಇರುವ ಬೋಟಿಗೆ ನೋಂದಣಿ ಬೇಕು. ಜಲಾಶಯಕ್ಕೆ, ಕೆರೆಗೆ ಆಯಾ ಇಲಾಖೆಯ ಅನುಮತಿ ಬೇಕು, ಕಾವೇರಿ ವನ್ಯಜೀವಿಧಾಮದೊಳಗೆ ಅರಣ್ಯ ಇಲಾಖೆಯದ್ದು. ಲೈಫ್ ಜಾಕೆಟ್ ಎಲ್ಲರಿಗೂ, ಎಲ್ಲ ಹೊತ್ತೂ.

ಬಾಳಿಕೆ ಚೆನ್ನಾಗಿದೆ. ತಳದಲ್ಲಿ ಗೀರುಗಳಿವೆ, ತೂತು ಬಿದ್ದಿಲ್ಲ. ತಳದ ತಗಡು 4 ಮಿಲಿಮೀಟರ್, ಅದಕ್ಕಿಂತ ತೆಳು ಹೊಳೆಗೆ ಬೇಡ. ಇಂಪೆಲ್ಲರ್ ಅಂಚು ಮೊಂಡಾದಾಗ ಅರದಿಂದ ನಾವೇ ತೀಡುತ್ತೇವೆ. ಇಂಪೆಲ್ಲರ್‌ಗೂ ಅದರ ಸುತ್ತಲಿನ ಒಳಗವಚವಾದ ಲೈನರ್‌ಗೂ ನಡುವೆ 0.8 ಮಿಲಿಮೀಟರ್ ಸಂದು ಇರಬೇಕು. ಮರಳು ತಿಂದು ಅದು ಅಗಲವಾದರೆ ಎಳೆತ ಕಡಿಮೆಯಾಗುತ್ತದೆ, ಆಗ ಶಿಮ್ ಅನ್ನುವ ತೆಳು ವಾಷರ್‌ಗಳನ್ನು ಇಂಪೆಲ್ಲರ್‌ನ ಕೆಳಗಿನಿಂದ ಮೇಲಕ್ಕೆ ಬದಲಾಯಿಸಿದರೆ ಮತ್ತೆ ಸರಿಹೋಗುತ್ತದೆ. ಇಂಪೆಲ್ಲರ್ ಅನ್ನು ಶಾಫ್ಟಿಗೆ ಹಿಡಿಸುವ, ಕಲ್ಲು ಸಿಕ್ಕಿದಾಗ ಮುರಿಯಲೆಂದೇ ಇರುವ ಸಣ್ಣ ಲೋಹದ ತುಂಡು (ಇದಕ್ಕೂ ಕೀ ಅಂತಲೇ ಹೆಸರು) ಬೋಟಿನಲ್ಲಿ ಯಾವಾಗಲೂ ಎರಡು ಮೂರು ಇಟ್ಟಿರುತ್ತೇವೆ. ಬೇರಿಂಗ್‌ಗೆ ಹತ್ತು ಗಂಟೆ ಓಡಿದ ಮೇಲೆ ಗ್ರೀಸ್ ಗನ್. ಹಳೆಯ ಗ್ರೀಸ್ ಪಕ್ಕದ ಪೈಪಿನಿಂದ ಹೊರಗೆ ಬರುವ ತನಕ ಒತ್ತಬೇಕು. ಬಂದ ಗ್ರೀಸ್ ಬೆರಳಲ್ಲಿ ಉಜ್ಜಿ ನೋಡಿದರೆ ಪಂಪಿನ ಆರೋಗ್ಯ ಗೊತ್ತಾಗುತ್ತದೆ. ಕಳೆದ ಸಲ ಬೂದು ಬಣ್ಣದ ಗ್ರೀಸ್ ಬಂತು, ಸ್ವಲ್ಪ ನೀರೂ ಇತ್ತು. ಸೀಲ್, ಬೇರಿಂಗ್ ಎರಡಕ್ಕೂ ಆರ್ಡರ್ ಕೊಟ್ಟಿದ್ದೇವೆ. ಮಳೆಗಾಲಕ್ಕೆ ಮುಂಚೆ ಬದಲಾಯಿಸುತ್ತೇವೆ.