ಬಜೆಟ್ ಓಪನ್-ಬ್ಯಾಕ್ ಹೆಡ್‌ಫೋನ್: ಮೂಗಿಗಿಂತ ಮೂಗುತಿ ಭಾರವಾಗದ ಹಾಗೆ ಆರಿಸುವುದು

ಗೇಮಿಂಗ್‌ಗೂ ಹಾಡಿಗೂ ಒಂದೇ ಓಪನ್-ಬ್ಯಾಕ್ ಹೆಡ್‌ಫೋನ್ ಹುಡುಕುವವರು ಮೊದಲು ನೋಡುವುದು ಡಬ್ಬದ ಬೆಲೆಯನ್ನು. ಡಬ್ಬ ಬಿಚ್ಚಿದ ಮೇಲೆ ಉಳಿದ ಲೆಕ್ಕ ಶುರುವಾಗುತ್ತದೆ: ಮೈಕ್ ಇಲ್ಲ, ಸದ್ದು ಸಾಲದು ಅಂದರೆ ಆಂಪ್ ಬೇಕು, ಕೆಲವು ಕಾಲದ ನಂತರ ಹೊಸ ಇಯರ್‌ಪ್ಯಾಡ್ ಬೇಕು. ಅಗ್ಗಕ್ಕೆ ಸಿಕ್ಕಿತು ಅಂದುಕೊಂಡದ್ದೇ ಕೊನೆಗೆ ದುಬಾರಿಯಾಗುತ್ತದೆ. ಹಾಗಾಗಿ ಇಲ್ಲಿ ಪ್ರತಿ ಮಾಡೆಲ್ ಅನ್ನೂ ಈ ಮೂರು ಖರ್ಚು ಸೇರಿಸಿಯೇ ತೂಗಿದ್ದೇವೆ.

ಅದಕ್ಕೂ ಮೊದಲು ಒಂದು ಮಾತು. ಓಪನ್-ಬ್ಯಾಕ್ ಕಪ್ಪಿನ ಹೊರಮೈ ಬರೀ ಜಾಲರಿ. ಒಳಗಿನ ಹಾಡು ಪಕ್ಕದಲ್ಲಿ ಕೂತವರಿಗೆ ಕೇಳುತ್ತದೆ, ಹೊರಗಿನ ಫ್ಯಾನು, ಟಿವಿ, ಮಾತು ಎಲ್ಲ ನಿಮಗೆ ಕೇಳುತ್ತದೆ. ಇನ್ನೊಬ್ಬರು ಮಲಗುವ ಕೋಣೆಯಲ್ಲಿ ರಾತ್ರಿ ಆಡುವವರು, ಗದ್ದಲದ ಮನೆಯವರು ಇಲ್ಲಿಗೇ ನಿಲ್ಲಿಸಿ ಕ್ಲೋಸ್ಡ್-ಬ್ಯಾಕ್ ನೋಡುವುದು ಒಳ್ಳೆಯದು. ಸದ್ದು ಜೋರಿಟ್ಟರೆ ಮೈಕಿಗೂ ನುಗ್ಗುತ್ತದೆ. ಆಟದ ಗುಂಡಿನ ಸದ್ದು ತಂಡದವರಿಗೆ ಪ್ರತಿಧ್ವನಿಯಾಗಿ ಕೇಳುತ್ತಿದೆ ಅಂದರೆ ಮೈಕ್ ಕೆಟ್ಟಿದೆ ಅಂತ ಅರ್ಥವಲ್ಲ. ಪುಶ್-ಟು-ಟಾಕ್ (ಗುಂಡಿ ಒತ್ತಿದಾಗ ಮಾತ್ರ ಮೈಕ್ ತೆರೆಯುವುದು) ಹಾಕಿ, ಇಲ್ಲವೇ ಸಣ್ಣ ಸದ್ದನ್ನು ತಡೆಯುವ ನಾಯ್ಸ್ ಗೇಟಿನ ಮಟ್ಟ ಏರಿಸಿ.

ಬೇಸ್ ವಿಚಾರದಲ್ಲೂ ಮೊದಲೇ ತಿಳಿದಿರಲಿ. ಸದ್ದು ಹೊರಡಿಸುವ ಭಾಗವಾದ ಡ್ರೈವರ್‌ನ ಹಿಂದಿನ ಗಾಳಿ ಹೊರಗೆ ಹೋಗಿಬಿಡುವುದರಿಂದ ಕಿವಿಯ ಮುಂದೆ ಒತ್ತಡ ನಿಲ್ಲುವುದಿಲ್ಲ. ಸಾಮಾನ್ಯ ಡೈನಾಮಿಕ್ ಡ್ರೈವರ್ ಇರುವ ಓಪನ್-ಬ್ಯಾಕ್‌ಗಳಲ್ಲಿ ಸುಮಾರು 100 ಹರ್ಟ್ಸ್‌ಗಿಂತ ಕೆಳಗೆ ಸದ್ದು ಇಳಿಯುತ್ತಾ ಹೋಗುವುದು ಇದಕ್ಕೇ. ಕನ್ನಡಕದ ಕಡ್ಡಿ ಪ್ಯಾಡನ್ನು ಚೂರು ಎತ್ತಿದರೂ ಇನ್ನಷ್ಟು ಸೋರುತ್ತದೆ. ಸ್ಫೋಟವಾದಾಗ ಎದೆ ನಡುಗಬೇಕು ಅನ್ನುವವರಿಗೆ ಈ ಜಾತಿ ನಿರಾಸೆ ತರುತ್ತದೆ. ಹೆಜ್ಜೆ ಸಪ್ಪಳ ಎಡ ಹಿಂಭಾಗದಿಂದ ಬಂತೋ ಪಕ್ಕದಿಂದ ಬಂತೋ ತಿಳಿಯಬೇಕು, ಹಾಡಿನಲ್ಲಿ ವಾದ್ಯಗಳು ಬಿಡಿಬಿಡಿಯಾಗಿ ಕೇಳಬೇಕು ಅನ್ನುವವರಿಗೆ ಇದೇ ಸರಿ.

ಕೆಳಗಿನ ಮೆಟ್ಟಿಲಲ್ಲಿ ಫಿಲಿಪ್ಸ್ ಎಸ್‌ಎಚ್‌ಪಿ 9500 ಇವತ್ತಿಗೂ ಸರಿಯಾದ ಆಯ್ಕೆ. 50 ಮಿ.ಮೀ. ಡ್ರೈವರ್, ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 32 ಓಮ್, 1 ಮಿಲಿವಾಟಿಗೆ 101 ಡೆಸಿಬಲ್. ಮೊಬೈಲ್ ಡಾಂಗಲ್ (ಯುಎಸ್‌ಬಿ ತೂತಿಗೆ ಹಾಕುವ ಹೆಡ್‌ಫೋನ್ ಜ್ಯಾಕ್), ಗೇಮ್ ಕಂಟ್ರೋಲರ್, ಲ್ಯಾಪ್‌ಟಾಪ್ ಯಾವುದಕ್ಕೆ ಚುಚ್ಚಿದರೂ ಸಾಕಷ್ಟು ಜೋರಾಗುತ್ತದೆ, ಆಂಪ್ ಖರ್ಚು ಸೊನ್ನೆ. ಇದರ ನಿಜವಾದ ಲಾಭ ಎಡ ಕಪ್ಪಿನಲ್ಲಿರುವ ಸಾದಾ 3.5 ಮಿ.ಮೀ. ಜ್ಯಾಕ್. ಕೇಬಲ್ ಕಿತ್ತು ಅದೇ ತೂತಿಗೆ ವಿ-ಮೋಡಾ ಬೂಮ್‌ಪ್ರೊದಂಥ ಮೈಕ್ ಕೇಬಲ್ ಹಾಕಿದರೆ ಪೂರ್ತಿ ಹೆಡ್‌ಸೆಟ್ ಆಯಿತು. ಪಿಸಿಯಲ್ಲಿ ಮೈಕಿಗೂ ಸ್ಪೀಕರಿಗೂ ಬೇರೆ ಬೇರೆ ಜ್ಯಾಕ್ ಇದ್ದರೆ ಮಾತ್ರ ನಾಲ್ಕು ಪಟ್ಟಿಯ ಪಿನ್ನನ್ನು ಎರಡಾಗಿ ಸೀಳುವ ವೈ-ಸ್ಪ್ಲಿಟರ್ ಬೇಕು.

ಕೊರತೆಗಳೂ ಇವೆ. ತಲೆ ಹಿಡಿತ ಸಡಿಲ. ನೆಲದ ಮೇಲೆ ಬಿದ್ದದ್ದನ್ನು ಎತ್ತಲು ಬಗ್ಗಿದರೆ ಹೆಡ್‌ಫೋನೂ ಜೊತೆಗೇ ಜಾರುತ್ತದೆ. ಪ್ಯಾಡಿನ ಆಳ ಕಡಿಮೆ, ಮುಂಚಾಚಿದ ಕಿವಿಯ ತುದಿ ಒಳಗಿನ ಬಟ್ಟೆಗೆ ತಾಗುತ್ತದೆ. ಆ ಪ್ಯಾಡನ್ನು ಬಳಕೆದಾರರು ಬದಲಿಸುವ ಹಾಗೆ ಮಾಡಿಲ್ಲ, ಬಲವಂತವಾಗಿ ಕಿತ್ತರೆ ಪ್ಲಾಸ್ಟಿಕ್ ಮುರಿಯುವ ಭಯ. ಬೇಸ್ ತೆಳು, ಟ್ರೆಬಲ್ (ಮೇಲಿನ ಸ್ವರ) ಚುರುಕು. ಆಮೇಲೆ ಬಂದ 9600 ತುಸು ದುಂಡಗಿನ ಸದ್ದಿನದು. ಎರಡೂ ಒಂದೇ ಬೆಲೆಗೆ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಇದೇ ಮನೆತನದ ಫಿಡೆಲಿಯೊ ಎಕ್ಸ್2ಎಚ್‌ಆರ್ ಬೇಸ್ ಪ್ರಿಯರಿಗೆ: ಜ್ಯಾಕ್ ಅದೇ ತರಹದ್ದು, ಪ್ಯಾಡ್ ಬಿಚ್ಚಲು ಬರುತ್ತದೆ, ಆದರೆ 380 ಗ್ರಾಂ. ಮೂರನೇ ಗಂಟೆಯ ಹೊತ್ತಿಗೆ ಕುತ್ತಿಗೆಗೆ ಆ ತೂಕ ಗೊತ್ತಾಗುತ್ತದೆ.

ಇನ್ನೊಂದಿಷ್ಟು ಹಣ ಹೊಂದಿಸಲು ಆದರೆ ನಮ್ಮ ಮೊದಲ ಆಯ್ಕೆ 2020ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 560ಎಸ್. ತೂಕ 240 ಗ್ರಾಂ ಮಾತ್ರ. 120 ಓಮ್ ಅಂತ ಓದಿ ಹಲವರು ಹಿಂಜರಿಯುತ್ತಾರೆ, ಆದರೆ 1 ವೋಲ್ಟಿಗೆ 110 ಡೆಸಿಬಲ್ ಕೊಡುತ್ತದೆ, ಒಳ್ಳೆಯ ಡಾಂಗಲ್ ಸಾಕು. ಕೆಳ ಬೇಸ್ ಅದೇ ಕಂಪನಿಯ 599ಕ್ಕಿಂತ ಆಳಕ್ಕೆ ಇಳಿಯುತ್ತದೆ. ಮೇಲಿನ ಸ್ವರಗಳು ಸ್ವಲ್ಪ ಚುರುಕಾಗಿ ಕೇಳುತ್ತವೆ; ಹೆಜ್ಜೆ, ರೀಲೋಡ್ ಸದ್ದಿಗೆ ಅದು ವರ, ಕೆಟ್ಟದಾಗಿ ಮಾಸ್ಟರ್ ಆದ ಹಳೆಯ ಹಾಡಿಗೆ ಶಾಪ. ಒಂದೇ ಹೆಡ್‌ಫೋನಿನಲ್ಲಿ ಎರಡೂ ಕೆಲಸ ಆಗಬೇಕು ಅಂದರೆ ಈ ಮಟ್ಟದಲ್ಲಿ ಇದಕ್ಕಿಂತ ಸಮತೂಕದ್ದು ಕಾಣುವುದಿಲ್ಲ.

ಕಿರಿಕಿರಿ ಇರುವುದು ಕೇಬಲ್ಲಿನಲ್ಲಿ. ಜೊತೆಗೆ ಬರುವುದು 3 ಮೀಟರ್ ಉದ್ದ, ತುದಿಗೆ ದಪ್ಪ 6.3 ಮಿ.ಮೀ. ಪಿನ್. ಕಪ್ಪಿನ ಕಡೆ 2.5 ಮಿ.ಮೀ. ಪಿನ್ ಆಳದಲ್ಲಿ ಕೂತು ತಿರುಗಿಸಿ ಬೀಗ ಹಾಕುವಂಥದ್ದು. ಕುತ್ತಿಗೆ ದಪ್ಪಗಿರುವ ಮಾಮೂಲಿ ಪಿನ್ ಅಲ್ಲಿಗೆ ಇಳಿಯುವುದೇ ಇಲ್ಲ. ಬೇರೆ ಕೇಬಲ್ ಕೊಳ್ಳುವಾಗ ಈ ಮಾಡೆಲ್ ಹೆಸರು ನೋಡಿಯೇ ಕೊಳ್ಳಿ. ಬೂಮ್‌ಪ್ರೊ ಕೂಡ ಹಿಡಿಸುವುದಿಲ್ಲ. ಅಯಸ್ಕಾಂತದಿಂದ ಅಂಟುವ ಮಾಡ್‌ಮೈಕ್ ತರಹದ್ದು ಅಥವಾ ಮೇಜಿನ ಮೈಕ್ ಬೇಕು, ಆ ಖರ್ಚನ್ನು ಈಗಲೇ ಸೇರಿಸಿಕೊಳ್ಳಿ. ಹೊಸದರಲ್ಲಿ ದವಡೆ ಅಮುಕಿದ ಹಾಗನ್ನಿಸಿದರೆ ತಲೆಗಿಂತ ಚೂರೇ ಅಗಲದ ಪುಸ್ತಕದ ಕಟ್ಟಿಗೆ ಒಂದು ರಾತ್ರಿ ಹಾಕಿಡಿ. ಕೈಯಿಂದ ಎಳೆದು ಬಗ್ಗಿಸಲು ಹೋಗಬೇಡಿ.

ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ 250 ಓಮ್ ಅನ್ನು ಅಗ್ಗದಲ್ಲಿ ಕಂಡು ಮರುಳಾಗುವವರು ಬಹಳ. ಗಟ್ಟಿಮುಟ್ಟು, ವೆಲ್ವೆಟ್ ಪ್ಯಾಡ್ ಹಿತ, ಪ್ಯಾಡ್ ಬದಲಿಸುವುದೂ ಸಲೀಸು. ಆದರೆ 8 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಸದ್ದು ಥಟ್ಟನೆ ಏರುವ ಒಂದು ಶಿಖರವಿದೆ. ಹಾಡುಗಾರರ ‘ಸ’ಕಾರ, ‘ಶ’ಕಾರ, ಜಾಂಜ್ ಸದ್ದು ಸೂಜಿಯಂತೆ ಚುಚ್ಚುತ್ತವೆ. ಸುರುಳಿ ಕೇಬಲ್ ಕಪ್ಪಿಗೇ ಬೆಸೆದಿದೆ. ಆಂಪ್ ಮತ್ತು ಇಕ್ವಲೈಸರ್ (ಸ್ವರಗಳನ್ನು ಏರಿಸಿ ಇಳಿಸುವ ಸಾಧನ) ಎರಡೂ ಇದ್ದವರಿಗೆ ಮಾತ್ರ.

ಹೈಫೈಮ್ಯಾನ್ ಎಚ್‌ಇ 400ಎಸ್‌ಇ ಪ್ಲೇನಾರ್ (ಚಪ್ಪಟೆ ಪೊರೆಯ ಡ್ರೈವರ್) ಜಾತಿ, ಬೇಸ್ ಆಳದವರೆಗೂ ಸಪಾಟಾಗಿ ಇರುತ್ತದೆ. ಗಾಯನ ತುಸು ಹಿಂದೆ ನಿಂತ ಹಾಗೆ ಕೇಳುತ್ತದೆ, ತೂಕವೂ ಜಾಸ್ತಿ, ಎರಡೂ ಕಪ್ಪಿಗೆ ಬೇರೆ ಬೇರೆ ಕೇಬಲ್ ಹೋಗುವುದರಿಂದ ಬೂಮ್‌ಪ್ರೊ ಇಲ್ಲಿಗೂ ಬಾರದು. ಡ್ರಾಪ್‌ನವರ ಎಚ್‌ಡಿ 6ಎಕ್ಸ್‌ಎಕ್ಸ್ 300 ಓಮಿನದು. ಕಂಠಕ್ಕೆ, ತಂತಿವಾದ್ಯಕ್ಕೆ ಅದರ ಸಮ ಇಲ್ಲ, ಆದರೆ ಸದ್ದಿನ ಅಂಗಳ (ಸದ್ದು ಹರಡಿ ಕೇಳುವ ಜಾಗ) ಚಿಕ್ಕದು. ಆಟ ಅಪರೂಪ, ಸಂಗೀತವೇ ಮುಖ್ಯ ಅನ್ನುವವರು ಅತ್ತ ಹೋಗಲಿ. ಆಡಿಯೊ-ಟೆಕ್ನಿಕಾ ಎಟಿಎಚ್-ಎಡಿ 700ಎಕ್ಸ್ ಇದಕ್ಕೆ ಉಲ್ಟಾ: ಅಂಗಳ ವಿಶಾಲ, ಬೇಸ್ ತೀರಾ ಬಡವಾಗಿದೆ, ಚಿಕ್ಕ ತಲೆಯವರಿಗೆ ಅದರ ತಲೆಗೊರಗುವ ರೆಕ್ಕೆಗಳು ನಿಲ್ಲದೆ ಹೆಡ್‌ಫೋನ್ ಕೆಳಗೆ ಜಾರುತ್ತದೆ. ಕೈ ತೀರಾ ಬಿಗಿ ಅಂದರೆ ಸ್ಯಾಮ್ಸನ್ ಎಸ್‌ಆರ್ 850 ಇದೆ. ಅದು ಅರೆ-ಓಪನ್, ಟ್ರೆಬಲ್ ಚುಚ್ಚುತ್ತದೆ, ಕೊಟ್ಟ ದುಡ್ಡಿಗಂತೂ ಮೋಸವಿಲ್ಲ.

ಆಂಪ್ ಬೇಕೋ ಬೇಡವೋ ಅನ್ನುವುದನ್ನು ಓಮ್ ಒಂದನ್ನೇ ನೋಡಿ ಹೇಳಲು ಆಗದು. ಲೆಕ್ಕ ಸುಲಭ. 1 ವೋಲ್ಟ್ ಕೊಟ್ಟಾಗ ಎಷ್ಟು ಮಿಲಿವಾಟ್ ಹೋಗುತ್ತದೆ ಅಂದರೆ 1000 ಭಾಗಿಸು ಓಮ್. ಡಿಟಿ 990 ಪ್ರೊಗೆ 1000/250, ಅಂದರೆ 4 ಮಿಲಿವಾಟ್. ಮಿಲಿವಾಟ್ ದುಪ್ಪಟ್ಟಾದಾಗಲೆಲ್ಲ 3 ಡೆಸಿಬಲ್ ಸೇರುತ್ತದೆ. 990 ಪ್ರೊ 1 ಮಿಲಿವಾಟಿಗೆ ಕೊಡುವುದು 96 ಡೆಸಿಬಲ್; 4 ಅಂದರೆ ಎರಡು ಸಲ ದುಪ್ಪಟ್ಟು, 96ಕ್ಕೆ 6 ಸೇರಿ 102. ಇದೇ ಲೆಕ್ಕದಲ್ಲಿ ಫಿಲಿಪ್ಸ್ 9500 ಸುಮಾರು 116ಕ್ಕೆ ಬರುತ್ತದೆ. ಇಕ್ವಲೈಸರ್‌ನಲ್ಲಿ ಬೇಸ್ ಏರಿಸಲು 6 ಡೆಸಿಬಲ್ ಬಿಟ್ಟುಕೊಟ್ಟರೆ 990ಕ್ಕೆ ಉಳಿಯುವುದು 96 ಮಾತ್ರ, ಅದೂ ಹಾಡಿನ ಅತಿ ಜೋರು ಜಾಗದಲ್ಲಿ. ಹಾಡಿನ ಸರಾಸರಿ ಮಟ್ಟ ಅದಕ್ಕಿಂತ 15ರಿಂದ 20 ಡೆಸಿಬಲ್ ಕೆಳಗಿರಬಹುದು, ಅಲ್ಲಿಗೆ ನಾಲ್ಕನೇ ಗೇರಿನಲ್ಲಿ ಘಾಟಿ ಹತ್ತಿದ ಹಾಗೆ. ಪ್ಲೇನಾರ್‌ಗೆ ಬೇರೆ ತೊಂದರೆ: 400ಎಸ್‌ಇ 25 ಓಮ್ ಆದ್ದರಿಂದ 1 ವೋಲ್ಟಿಗೆ 40 ಮಿಲಿಆಂಪಿಯರ್ ಎಳೆಯುತ್ತದೆ, ದುರ್ಬಲ ಜ್ಯಾಕ್ ಅಷ್ಟು ಕೊಡಲಾರದೆ ಒಡಕು ಸದ್ದು ಮಾಡುತ್ತದೆ.

ಆಪಲ್‌ನ ಚಿಕ್ಕ ಯುಎಸ್‌ಬಿ-ಸಿ ಡಾಂಗಲ್ ಸುಮಾರು 1 ವೋಲ್ಟ್ ಕೊಡುತ್ತದೆ. ಯುರೋಪಿನ ಆವೃತ್ತಿ ಅರ್ಧ ವೋಲ್ಟಿನದು, ಕೆಲವು ಆಂಡ್ರಾಯ್ಡ್ ಫೋನಿನಲ್ಲಿ ಯಾವ ಆವೃತ್ತಿಯೂ ಪೂರ್ತಿ ಏರುವುದಿಲ್ಲ. ಪಿಸಿಗೆ ಹಾಕಿದರೆ ಈ ತಕರಾರಿಲ್ಲ. ಪಿಸಿ ಕ್ಯಾಬಿನೆಟ್ಟಿನ ಮುಂದಿನ ಜ್ಯಾಕಿಗಿಂತ ಇದು ಎಷ್ಟೋ ಮೇಲು. ಆ ಜ್ಯಾಕಿನ ತಂತಿ ಒಳಗಿನ ಗದ್ದಲದ ನಡುವೆ ಹಾದು ಬರುತ್ತದೆ. ಮೌಸ್ ಅಲುಗಾಡಿಸಿದಾಗ ಕಿವಿಯಲ್ಲಿ ಚರಚರ ಅಂದರೆ ದೂರಬೇಕಾದ್ದು ಹೆಡ್‌ಫೋನನ್ನಲ್ಲ. ಕೆಲವು ಬೋರ್ಡುಗಳಲ್ಲಿ ಔಟ್‌ಪುಟ್ ಇಂಪೀಡೆನ್ಸ್ (ಜ್ಯಾಕಿನ ಒಳಗಿನ ತಡೆ) 75 ಓಮ್‌ವರೆಗೂ ಇರುತ್ತದೆ. ಹೆಡ್‌ಫೋನಿನ ಇಂಪೀಡೆನ್ಸ್‌ನ ಎಂಟನೇ ಒಂದು ಭಾಗ ಮೀರಬಾರದು ಅನ್ನುವುದು ರೂಢಿ. ಮೀರಿದರೆ 599ನಂಥದರಲ್ಲಿ 100 ಹರ್ಟ್ಸ್ ಸುತ್ತ ಬೇಸ್ ಊದಿಕೊಂಡು ಗುಂಯ್‌ಗುಡುತ್ತದೆ.

ಸೆಟ್ಟಿಂಗ್‌ನಲ್ಲಿ ಹೆಚ್ಚಿನವರು ಎಡವುವುದು ಸರೌಂಡ್‌ನಲ್ಲಿ. ಆಟದೊಳಗೇ ಎಚ್‌ಆರ್‌ಟಿಎಫ್ (ಸದ್ದಿಗೆ ದಿಕ್ಕಿನ ಸುಳಿವು ಬೆರೆಸುವ) ಆಯ್ಕೆ ಇದ್ದರೆ ಅದನ್ನು ಮಾತ್ರ ಹಾಕಿ, ವಿಂಡೋಸ್‌ನದೇ ಸರೌಂಡ್ ಆದ ವಿಂಡೋಸ್ ಸೋನಿಕ್ ಆಫ್ ಮಾಡಿ. ಎರಡೂ ಹಾಕಿದರೆ ಒಮ್ಮೆ ಬೆರೆಸಿದ ದಿಕ್ಕಿನ ಸುಳಿವನ್ನು ಮತ್ತೊಮ್ಮೆ ಬೆರೆಸಿದಂತಾಗಿ ಹೆಜ್ಜೆ ಸಪ್ಪಳ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಹಾಡಿಗೆ ಎರಡೂ ಬೇಡ. ಇಕ್ವಲೈಸರ್ ಎಪಿಒ ಅನ್ನುವ ತಂತ್ರಾಂಶ ಉಚಿತ, ಜೊತೆಗೆ ಅದರ ಗುಂಡಿಗಳನ್ನು ತೋರಿಸುವ ಪೀಸ್ ಹಾಕಿಕೊಂಡರೆ ಬಳಸುವುದು ಸುಲಭ. 560ಎಸ್‌ಗೆ 90 ಹರ್ಟ್ಸ್‌ನಲ್ಲಿ ಲೋ-ಶೆಲ್ಫ್ (ಅದರ ಕೆಳಗಿನದನ್ನೆಲ್ಲ ಏರಿಸುವುದು) +4 ಡೆಸಿಬಲ್, ಪ್ರಿಆಂಪ್ (ಒಟ್ಟು ಮಟ್ಟ) -5; ಪ್ರಿಆಂಪ್ ಇಳಿಸದಿದ್ದರೆ ಜೋರು ಜಾಗದಲ್ಲಿ ಸದ್ದು ಒಡೆಯುತ್ತದೆ. 990ರ ಶಿಖರ ಕಿವಿಯಿಂದ ಕಿವಿಗೆ ಸ್ವಲ್ಪ ಜಾಗ ಬದಲಿಸುವುದರಿಂದ, ಮೆಲ್ಲಗಿನ ಸದ್ದಿನಲ್ಲಿ 6ರಿಂದ 10 ಕಿಲೋಹರ್ಟ್ಸ್ ಸೈನ್ ಸ್ವೀಪ್ (ಒಂದೇ ಸ್ವರ ಮೆಲ್ಲಗೆ ಏರುತ್ತಾ ಹೋಗುವ ಸದ್ದು) ಓಡಿಸಿ, ಎಲ್ಲಿ ಚುಚ್ಚುತ್ತದೋ ಅಲ್ಲಿ 5 ಡೆಸಿಬಲ್ ಇಳಿಸಿ.

ಕೈಗೆ ಬಂದ ದಿನವೇ, ವಾಪಸ್ ಕೊಡುವ ಗಡುವಿನೊಳಗೆ, ಎರಡು ಪರೀಕ್ಷೆ ಮುಗಿಸಿ. ಮೊದಲನೆಯದು ಮೋನೊ ಹಾಡು: ಕಂಠ ಹಣೆಯ ನಡುವೆ ನಿಲ್ಲಬೇಕು. ಒಂದು ಕಡೆ ವಾಲಿದರೆ ಹೆಡ್‌ಫೋನನ್ನು ಎಡಬಲ ತಿರುಗಿಸಿ ಹಾಕಿ; ವಾಲುವಿಕೆಯೂ ಜೊತೆಗೆ ತಿರುಗಿದರೆ ದೋಷ ಹೆಡ್‌ಫೋನಿನದೋ ಜ್ಯಾಕಿನದೋ, ತಿರುಗದಿದ್ದರೆ ಕಿವಿಯದು. ಎರಡನೆಯದು 20ರಿಂದ 200 ಹರ್ಟ್ಸ್ ಸ್ವೀಪ್. ಮಧ್ಯೆ ಜಿರ್ರ್ ಅಂದರೆ ಎಷ್ಟೋ ಸಲ ಅದು ಡ್ರೈವರ್ ಮೇಲೆ ಕೂತ ಒಂದೇ ಒಂದು ಕೂದಲು. ಪ್ಯಾಡ್ ಬಿಚ್ಚಿ, ಒಳಗಿನ ತೆಳು ಸ್ಪಾಂಜ್ ಎತ್ತಿ, ಕಪ್ಪನ್ನು ಮಗುಚಿ ಹಿಡಿದು ಮೆಲ್ಲಗೆ ತಟ್ಟಿ. ವ್ಯಾಕ್ಯೂಮ್ ಕ್ಲೀನರ್ ಹತ್ತಿರ ತಂದಿರೋ, ಡಯಾಫ್ರಾಮ್ (ಡ್ರೈವರ್‌ನ ತೆಳು ಪೊರೆ) ಹೋಯಿತು ಅಂತಲೇ ತಿಳಿಯಿರಿ.