ಮರ ಬಗ್ಗಿಸಲು ಹಬೆ ಪೆಟ್ಟಿಗೆ: ಪಿವಿಸಿ ಪೈಪೋ, ಹಲಗೆಯೋ, ಪ್ಲಾಸ್ಟಿಕ್ ಚೀಲವೋ?

ಮರದ ಪಟ್ಟಿಯನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ಬಿಸಿ ಇರುವಾಗಲೇ ಬಾಗಿದ ಅಚ್ಚಿಗೆ ಕೂರಿಸಬೇಕು; ಅದಕ್ಕೇ ಈ ಹಬೆ ಪೆಟ್ಟಿಗೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಲಗೆ ಪೆಟ್ಟಿಗೆಗೆ. ಪಿವಿಸಿ ಪೈಪಿಗೆ 900 ರೂಪಾಯಿ ಸುರಿದು, ಒಂದು ಒಳ್ಳೆಯ ಪಟ್ಟಿಯನ್ನೂ ಕಳೆದುಕೊಂಡ ಮೇಲೆ ಬಂದ ತೀರ್ಮಾನ ಇದು.

ನಮ್ಮ ಮನೆ ಮಡಿಕೇರಿ ಹತ್ತಿರ. ಕಾಫಿ ಕುಯ್ಲು ಮುಗಿಯುವವರೆಗೆ ಕೈಗೆ ಬಿಡುವಿಲ್ಲ, ಹಾಗಾಗಿ ನನ್ನ ಮರಗೆಲಸವೆಲ್ಲ ಮಳೆಗಾಲದಲ್ಲೇ. ಈ ಸಲ ಜಗಲಿಗೆ ಒಂದು ಕುರ್ಚಿ ಮಾಡಬೇಕಿತ್ತು. ಬೆನ್ನಿಗೆ ಬಿಲ್ಲಿನಂತೆ ಬಾಗಿದ ಒಂದೇ ಪಟ್ಟಿ, ನಾಲ್ಕೂವರೆ ಅಡಿ ಉದ್ದ, ಒಂದಿಂಚು ದಪ್ಪ. ಗಾಳಿಗೆ ಬಿದ್ದ ಸಿಲ್ವರ್ ಓಕ್ ಸೀಳಿಸಿ ಶೆಡ್ಡಿನ ನೆರಳಲ್ಲಿ ಒಣಗಿಸಿಟ್ಟಿದ್ದೆ. ಬಗ್ಗಿಸಲು ಹೀಗೆ ಗಾಳಿಯಲ್ಲಿ ಒಣಗಿದ ಮರವೇ ಒಳ್ಳೆಯದು. ಯಂತ್ರದ ಬಿಸಿಯಲ್ಲಿ ಪೂರ್ತಿ ಒಣಗಿಸಿದ್ದು ಬಾಗುವ ಬದಲು ಸಿಗಿಯುತ್ತದೆ.

ಪಿವಿಸಿ ಆರಿಸಿದ್ದು ಸುಲಭ ಅಂತ. ನಾಲ್ಕಿಂಚಿನ ಪೈಪ್, ಎರಡು ಮುಚ್ಚಳ, ಒಂದು ತೂತು ಕೊರೆದು ಕುಕ್ಕರಿನಿಂದ ಬರುವ ಟ್ಯೂಬು ಸಿಕ್ಕಿಸಿದರೆ ಮುಗಿಯಿತು. ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿಯೇ ಇತ್ತು. ಆಮೇಲೆ ನೋಡಿದರೆ ಎರಡು ಕಲ್ಲುಗಳ ನಡುವೆ ಪೈಪು ಜೋತು ಬಿದ್ದಿದೆ! ಕೈಗವಸು ಹಾಕಿ ಹೆಬ್ಬೆರಳಲ್ಲಿ ಒತ್ತಿದೆ, ಗುಳಿ ಬಿತ್ತು. 80 ಡಿಗ್ರಿ ಆಸುಪಾಸಿಗೆ ಪಿವಿಸಿ ಮೆತ್ತಗಾಗುತ್ತದೆ, ಹಬೆ ಅದಕ್ಕಿಂತ ಎಷ್ಟೋ ಬಿಸಿ.

ಕೆಳಗೆ ಇನ್ನೆರಡು ಕಲ್ಲು ಕೊಟ್ಟರಾಯಿತು ಅಂದುಕೊಂಡೆ. ಆದರೆ ನಿಜವಾದ ತೊಂದರೆ ಒಳಗಿತ್ತು. ಹಬೆ ತಣಿದು ನೀರಾಗಿ, ಜೋತ ಆ ಹೊಟ್ಟೆಯಲ್ಲಿ ನಿಂತಿತ್ತು. ಪಟ್ಟಿಯ ನಡುಭಾಗ, ಅಂದರೆ ಎಲ್ಲಕ್ಕಿಂತ ಜಾಸ್ತಿ ಬಾಗಬೇಕಾದ ಜಾಗ, ಹಬೆ ತಾಗದೆ ಆ ನೀರಲ್ಲೇ ಮಲಗಿತ್ತು.

ಅದಕ್ಕಿಂತ ಕೆಟ್ಟದ್ದು ಪಟ್ಟಿಯನ್ನು ಹೊರಗೆಳೆಯುವಾಗ ಆಯಿತು. ಸೊಟ್ಟಗಾದ ಪೈಪಿನೊಳಗೆ ನೆಟ್ಟಗಿನ ಪಟ್ಟಿ ಸಿಕ್ಕಿಕೊಂಡಿತು. ತಮ್ಮ ಪೈಪು ಹಿಡಿದ, ನಾನು ಪಟ್ಟಿ ಜಗ್ಗಿದೆ. ಅರ್ಧ ನಿಮಿಷದೊಳಗೆ ಅಚ್ಚಿಗೆ ಕೂರಿಸಬೇಕಾದ ಮರ ಈಚೆ ಬರಲು ಎರಡು ನಿಮಿಷ ಹಿಡಿಯಿತು. "ಅಣ್ಣಾ, ಇದು ತಣ್ಣಗಾಯ್ತು" ಅಂತ ಅವನು ಹೇಳುತ್ತಲೇ ಇದ್ದ. ಕೇಳದೆ ಬಗ್ಗಿಸಿದೆ. ಚಟ್ ಅಂತು. ಹೊರಮೈಯಲ್ಲಿ ಗೇಣುದ್ದ ಸಿಬಿರು ಎದ್ದಿತು. ಅಷ್ಟು ವರ್ಷ ಬೆಳೆದ ಮರ, ಗಂಟಿಲ್ಲದ ಒಳ್ಳೆಯ ಎಳೆ. ತುಂಬಾ ಬೇಜಾರಾಯಿತು.

ಎರಡನೇ ಸಲ ಪೈಪಿನ ಕೆಳಗೆ ಉದ್ದಕ್ಕೂ ಹಲಗೆಯ ತೊಟ್ಟಿ ಮಾಡಿ ಮಲಗಿಸಿದೆ. ಜೋತು ಬೀಳಲಿಲ್ಲ, ಆದರೆ ಮೇಲಿನಿಂದ ಚಪ್ಪಟೆಯಾಯಿತು. ಹಲಗೆ ತೊಟ್ಟಿ ಮಾಡುವುದೇ ಆದರೆ ಪೈಪು ಯಾಕೆ ಬೇಕು, ಅಲ್ವಾ?

ಅದೇ ತೊಟ್ಟಿಗೆ ಮೇಲೊಂದು ಹಲಗೆ ಹೊಡೆದೆ. ಐದಡಿ ಉದ್ದದ ಪೆಟ್ಟಿಗೆಯಾಯಿತು. ಅಂಟು ಹಾಕಲಿಲ್ಲ, ಬರೀ ಸ್ಕ್ರೂ. ಸಾಮಾನ್ಯ ಫೆವಿಕಾಲ್ ಆ ಹಬೆಗೆ ಬಿಟ್ಟುಕೊಳ್ಳುತ್ತದೆ. ಪ್ಲೈವುಡ್ ಹಾಕುವವರು ಬಿಡಬ್ಲ್ಯೂಪಿ ಅಂತ ಮುದ್ರೆ ಇರುವುದನ್ನೇ ತರಬೇಕು, ಅದು ಕುದಿಯುವ ನೀರನ್ನೂ ತಡೆಯುತ್ತದೆ. ಒಳಗೆ ಅಡ್ಡಡ್ಡ ಬಿದಿರು ಕಡ್ಡಿ ಕೊಟ್ಟೆ, ಪಟ್ಟಿಯ ಸುತ್ತ ಹಬೆ ಆಡಲಿ ಅಂತ. ಒಂದು ತುದಿ ಎರಡಿಂಚು ತಗ್ಗಿಸಿ, ಅಲ್ಲೊಂದು ತೂತು ಕೊರೆದೆ. ನೀರು ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ನಿಲ್ಲುವುದಿಲ್ಲ.

ಬಾಗಿಲಿಗೆ ಉಪಾಯ ಸಿಕ್ಕಿದ್ದು ಅಡುಗೆಮನೆಯಲ್ಲಿ. ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಉಂಡೆ, ಹಬೆಯಲ್ಲಿ ಬೇಯಿಸುವಾಗ ಅಮ್ಮ ಮುಚ್ಚಳದ ಅಡಿಗೆ ಬಟ್ಟೆ ಹಾಕುತ್ತಾರೆ. ಹಬೆ ಒಳಗೇ ಸುಳಿಯುತ್ತದೆ, ಜಾಸ್ತಿಯಾದದ್ದು ಸಂದಿಯಿಂದ ಹೋಗುತ್ತದೆ. ನಾನೂ ಪೆಟ್ಟಿಗೆಯ ಬಾಯಿಗೆ ಹಳೆ ಟವೆಲ್ ತುರುಕಿದೆ. ದಯವಿಟ್ಟು ಯಾವ ಪೆಟ್ಟಿಗೆಯನ್ನೂ ಗಾಳಿಯಾಡದಂತೆ ಬಿಗಿ ಮಾಡಬೇಡಿ. ಇಲ್ಲಿ ಬೇಕಾದ್ದು ಬಿಸಿ ಮತ್ತು ತೇವ, ಒತ್ತಡ ಅಲ್ಲ. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಅಷ್ಟಕ್ಕೇ ಮೆತ್ತಗಾಗುತ್ತದೆ. ಕುಕ್ಕರಿನ ವಿಷಲ್ ತೆಗೆದು ಅಲ್ಲಿಗೇ ಟ್ಯೂಬು ಕೊಟ್ಟಿದ್ದರೆ ಟ್ಯೂಬು ಎಲ್ಲೂ ಮಡಚಿಕೊಳ್ಳದಂತೆ, ನೀರು ಬತ್ತದಂತೆ ಪಕ್ಕದಲ್ಲೇ ಇದ್ದು ನೋಡಿಕೊಳ್ಳಿ.

ಇಂಚು ದಪ್ಪಕ್ಕೆ ಒಂದು ಗಂಟೆ ಅನ್ನುವುದು ರೂಢಿಯ ಲೆಕ್ಕ. ನಾನು ಒಂದೂಕಾಲು ಗಂಟೆ ಇಟ್ಟೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ. ಟವೆಲ್ ಕಿತ್ತು ಎಳೆದರೆ ಪಟ್ಟಿ ಸರ್ರನೆ ಈಚೆ ಬಂತು. ಹೊರಮೈಗೆ ತಗಡಿನ ಪಟ್ಟಿ ಕೊಟ್ಟು ಬಗ್ಗಿಸಿದೆವು. ಮರ ಒತ್ತಿದರೆ ಕುಗ್ಗುತ್ತದೆ, ಎಳೆದರೆ ಹಿಗ್ಗುವುದು ತೀರಾ ಕಡಿಮೆ. ಆ ಎಳೆತವನ್ನು ತಗಡು ಹೊರುತ್ತದೆ. ಒಂದು ಸಿಬಿರೂ ಏಳಲಿಲ್ಲ.

ಕಬ್ಬಿಣದ ಪೈಪನ್ನೂ ಒಮ್ಮೆ ನೋಡಿದೆ. ಮಳೆಯ ಚಳಿಗೆ ಅರ್ಧ ಹಬೆ ಅಲ್ಲೇ ನೀರಾಯಿತು, ತಾಗಿದಲ್ಲೆಲ್ಲ ಮರ ಕಪ್ಪಾಯಿತು.

ಪ್ಲಾಸ್ಟಿಕ್ ಚೀಲಕ್ಕೆ ಮಾತ್ರ ನಿಜವಾದ ಗುಣ ಒಂದಿದೆ. ದಪ್ಪ ಪಾಲಿಥೀನ್ ಕೊಳವೆಯೊಳಗೆ ಪಟ್ಟಿ ಇಟ್ಟು ಹಬೆ ಬಿಟ್ಟರೆ, ಚೀಲ ಸಮೇತ ಅಚ್ಚಿಗೆ ಬಗ್ಗಿಸಬಹುದು. ಓಡುವ ಅವಸರವೇ ಇಲ್ಲ, ಬಗ್ಗಿಸುವಾಗಲೂ ಹಬೆ ಬರುತ್ತಲೇ ಇರುತ್ತದೆ. ಹತ್ತಡಿ ಉದ್ದದ ಪಟ್ಟಿ ಇದ್ದರೆ ನಾನೂ ಅದನ್ನೇ ಹಿಡಿಯುತ್ತೇನೆ. ಆದರೆ ನನ್ನ ಚೀಲ ಎರಡನೇ ಸಲಕ್ಕೆ ಕ್ಲಾಂಪಿನ ಮೂಲೆ ತಾಗಿ ಹರಿಯಿತು, ಬಿಸಿ ಹಬೆ ಮುಂಗೈಗೆ ಬಡಿಯಿತು.

ನನಗೆ ವರ್ಷಕ್ಕೆ ನಾಲ್ಕೈದು ಪಟ್ಟಿ ಬಗ್ಗಿಸಿದರೆ ಸಾಕು, ಯಾವುದೂ ಐದಡಿ ದಾಟುವುದಿಲ್ಲ. ಶೆಡ್ಡಿನಲ್ಲಿ ತುಂಡು ಹಲಗೆ ಬೇಕಾದಷ್ಟಿದೆ. ಪೆಟ್ಟಿಗೆಗೆ ಹೊಸದಾಗಿ ಕೊಂಡದ್ದು ಸ್ಕ್ರೂ ಮತ್ತು ಟ್ಯೂಬು, 300 ರೂಪಾಯಿ ಒಳಗೆ. ಕೆಲಸ ಮುಗಿದ ಮೇಲೆ ಬಾಯಿ ತೆರೆದು ಒಲೆಯ ಹತ್ತಿರ ನಿಲ್ಲಿಸಬೇಕು, ಇಲ್ಲದಿದ್ದರೆ ಈ ಮಳೆಗೆ ಎರಡೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಬಾಗಿದ ಪಟ್ಟಿಯೂ ಅಚ್ಚಿನ ಸಮೇತ ಅಟ್ಟದಲ್ಲಿ, ಒಲೆಯ ಮೇಲ್ಗಡೆಯೇ ಇದೆ. ಇವತ್ತಿಗೆ ಹನ್ನೊಂದು ದಿನ. ಬಿಸಿಲು ಕಾಣುವವರೆಗೆ ಬಿಚ್ಚುವುದಿಲ್ಲ.